ಬರೆಯುವವರ ಕಣ್ಣು, ಆಡುವವರ ಕಣ್ಣು: ಇಂಗ್ಲೆಂಡಿನ ಎರಡು ಫುಟ್‌ಬಾಲ್ ಪ್ರಶಸ್ತಿಗಳ ತೌಲನಿಕ ಅಧ್ಯಯನ

1993ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪತ್ರಕರ್ತರು ವರ್ಷದ ಶ್ರೇಷ್ಠ ಆಟಗಾರರೆಂದು ಶೆಫೀಲ್ಡ್ ವೆನ್ಸ್‌ಡೇ ತಂಡದ ಕ್ರಿಸ್ ವಾಡಲ್ ಅವರನ್ನು ಆರಿಸಿದರು. ಅದೇ ಋತುವಿಗೆ ಅದೇ ಲೀಗಿನ ಆಟಗಾರರು ಮತ ಹಾಕಿದ್ದು ಆಸ್ಟನ್ ವಿಲ್ಲಾದ ಡಿಫೆಂಡರ್ ಪಾಲ್ ಮೆಕ್‌ಗ್ರಾ ಅವರಿಗೆ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರಂತೆ ಮೈದಾನದ ಅಂಚಿನಲ್ಲಿ ಸಾಗುತ್ತ ಎದುರಾಳಿಯನ್ನು ತಬ್ಬಿಬ್ಬು ಮಾಡುವ ವಾಡಲ್‌ರ ಆಟ ಯಾರ ಕಣ್ಣಿಗಾದರೂ ಬೀಳುವಂಥದ್ದು. ಮೆಕ್‌ಗ್ರಾ ಅವರ ಮೊಣಕಾಲುಗಳಾದರೋ ಮೇಲಿಂದ ಮೇಲೆ ನಡೆದ ಶಸ್ತ್ರಚಿಕಿತ್ಸೆಗಳಿಂದ ಜರ್ಜರಿತವಾಗಿದ್ದವು. ವಾರದ ದಿನಗಳಲ್ಲಿ ತಂಡದವರೆಲ್ಲ ಅಭ್ಯಾಸಕ್ಕೆ ಇಳಿದರೆ ಅವರು ಬಹುಪಾಲು ಹೊರಗುಳಿಯುತ್ತಿದ್ದರು. ಪಂದ್ಯದ ದಿನ ಮಾತ್ರ ಚೆಂಡು ಎಲ್ಲಿ ಬೀಳಬೇಕೋ ಅಲ್ಲಿ ಮೊದಲೇ ನಿಂತಿರುತ್ತಿದ್ದರು. ಓಡಬೇಕಾದ ಅಗತ್ಯವೇ ಬಾರದಂತೆ ಆಡುವ ಈ ವಿದ್ಯೆಯ ಬೆಲೆ, ಅದರೆದುರು ಆಡಿ ಬರಿಗೈಯಲ್ಲಿ ಮರಳಿದವರಿಗೆ ಚೆನ್ನಾಗಿ ಗೊತ್ತು.

ಒಂದೇ ಲೀಗು, ಒಂದೇ ವರ್ಷ, ಇಬ್ಬರು ‘ಶ್ರೇಷ್ಠರು’. ಹೀಗಾಗುವುದು ಮತದಾರರ ಅಜ್ಞಾನದಿಂದಲ್ಲ, ಅವರು ನಿಂತು ನೋಡುವ ಜಾಗದಿಂದ ಎಂಬುದು ಈ ಲೇಖನದ ವಾದ. ಪ್ರಶಸ್ತಿಗಳ ಪಟ್ಟಿಯನ್ನು ನಾವು ಆಟಗಾರರ ಚರಿತ್ರೆಯೆಂದು ಓದುತ್ತೇವೆ. ಅದನ್ನು ನೋಡುವವರ ಚರಿತ್ರೆಯಾಗಿಯೂ ಓದಲು ಸಾಧ್ಯವಿದೆ.

ಎರಡರಲ್ಲಿ ಹಳೆಯದು ಪತ್ರಕರ್ತರ ಪ್ರಶಸ್ತಿ. 1947ರಲ್ಲಿ ಹುಟ್ಟಿದ ಫುಟ್‌ಬಾಲ್ ರೈಟರ್ಸ್ ಅಸೋಸಿಯೇಷನ್ ಇದನ್ನು 1948ರಲ್ಲಿ ಮೊದಲ ಬಾರಿಗೆ ಬ್ಲ್ಯಾಕ್‌ಪೂಲ್ ತಂಡದ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರಿಗೆ ಕೊಟ್ಟಿತು. ಈ ಯೋಚನೆಯ ಹಿಂದಿದ್ದವರು ಚಾರ್ಲ್ಸ್ ಬಕನ್. ಸಂಡರ್‌ಲ್ಯಾಂಡ್ ಮತ್ತು ಆರ್ಸೆನಲ್ ತಂಡಗಳಿಗೆ ಆಡಿ, ಬಳಿಕ ಲೇಖನಿ ಹಿಡಿದವರು. ಆಟದಿಂದ ಮಾತ್ರವಲ್ಲ, ನಡೆನುಡಿಯಿಂದಲೂ ಮಾದರಿಯಾದವರಿಗೆ ಗೌರವ ಸಲ್ಲಬೇಕೆಂಬುದು ಆರಂಭದಿಂದಲೂ ಇದ್ದ ಆಶಯ. ಇದರ ತೂಕ ತಿಳಿಯಲು 1956ನ್ನು ನೋಡಬೇಕು. ಆ ವರ್ಷ ಪ್ರಶಸ್ತಿ ಪಡೆದವರು ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರ ಹೋರಾಡಿ, ಸೆರೆಸಿಕ್ಕು, ಇಂಗ್ಲೆಂಡಿನ ಯುದ್ಧಕೈದಿಗಳ ಶಿಬಿರಕ್ಕೆ ಬಂದಿದ್ದವರು. ಅದೇ ವರ್ಷದ ಎಫ್.ಎ. ಕಪ್ ಫೈನಲ್‌ನಲ್ಲಿ ಕತ್ತಿನ ಮೂಳೆ ಮುರಿದರೂ ಕೊನೆಯ ಸೀಟಿಯವರೆಗೆ ಗೋಲು ಕಾದ ಕಥೆ ಪ್ರಸಿದ್ಧ. ಆ ಸಾಹಸಕ್ಕೇ ಪ್ರಶಸ್ತಿ ಬಂತೆಂದು ಹಲವರು ನಂಬಿದ್ದಾರೆ. ನಿಜವೆಂದರೆ ಫೈನಲ್‌ಗೆ ಮುನ್ನವೇ ಆಯ್ಕೆ ಮುಗಿದಿತ್ತು. ಯುದ್ಧ ನಿಂತು ಹನ್ನೊಂದೇ ವರ್ಷಕ್ಕೆ ಇಂಗ್ಲಿಷ್ ಪತ್ರಕರ್ತರು ಒಬ್ಬ ಜರ್ಮನ್ ಸೈನಿಕನನ್ನು ತಮ್ಮ ವರ್ಷದ ಆಟಗಾರನೆಂದು ಒಪ್ಪಿಕೊಂಡಿದ್ದರು. ಮುರಿದ ಕತ್ತಿಗಿಂತ ಈ ಒಪ್ಪಿಗೆ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಆಟಗಾರರ ಪ್ರಶಸ್ತಿಯ ಹುಟ್ಟು ಬೇರೆ ಬಗೆಯದು. ಅದನ್ನು ಕೊಡುವ ಪ್ರೊಫೆಷನಲ್ ಫುಟ್‌ಬಾಲರ್ಸ್ ಅಸೋಸಿಯೇಷನ್ 1907ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಟ್ಟಿದ ಕಾರ್ಮಿಕ ಸಂಘ. ವಾರಕ್ಕೆ 20 ಪೌಂಡ್ ಮೀರಬಾರದೆಂಬ ಸಂಬಳದ ಮಿತಿಯನ್ನು 1961ರಲ್ಲಿ ಕಿತ್ತುಹಾಕಿಸಿದ ಸಂಘವೂ ಅದೇ. 1974ರಲ್ಲಿ ಅದು ಆರಂಭಿಸಿದ ಪ್ರಶಸ್ತಿಯೆಂದರೆ ಒಂದೇ ಕಸುಬಿನವರು ತಮ್ಮವರಲ್ಲೊಬ್ಬರ ಕೈಗುಣಕ್ಕೆ ಸಲ್ಲಿಸುವ ಗೌರವ. ತನ್ನದೇ ತಂಡದವರಿಗೆ ಮತ ಹಾಕುವಂತಿಲ್ಲವೆಂಬ ನಿಯಮವೂ ಇದೆ. ಚಿಕ್ಕದಾಗಿ ಕಾಣುವ ಈ ನಿಯಮವೇ ಇಡೀ ಪಟ್ಟಿಯನ್ನು ಓದುವ ಕೀಲಿ. ಇಲ್ಲಿ ಬೀಳುವ ಪ್ರತಿ ಮತವೂ ಎದುರಾಳಿಯ ಮತ.

ಹಾಗಾದರೆ ಎದುರಾಳಿಗಳು ಮೊದಲು ಆರಿಸಿದ್ದು ಯಾರನ್ನು? ಲೀಡ್ಸ್ ಯುನೈಟೆಡ್‌ನ ಡಿಫೆಂಡರ್ ನಾರ್ಮನ್ ಹಂಟರ್ ಅವರನ್ನು. ಎದುರಾಳಿಯ ಕಾಲನ್ನೇ ಕಚ್ಚುವವನೆಂದು ಹೆಸರಾಗಿದ್ದವರು! ಅವರ ಟ್ಯಾಕಲ್‌ಗಳ ಪೆಟ್ಟು ತಿಂದು ಮೊಣಕಾಲಿಗೆ ಐಸ್ ಒತ್ತಿಕೊಂಡು ಮನೆಗೆ ಹೋದವರೇ ಮತಪತ್ರದಲ್ಲಿ ಅವರ ಹೆಸರು ಬರೆದರು. ಮರುವರ್ಷ ಡರ್ಬಿ ಕೌಂಟಿಯ ಡಿಫೆಂಡರ್ ಕಾಲಿನ್ ಟಾಡ್, 1976ರಲ್ಲಿ ಟಾಟನ್‌ಹ್ಯಾಮ್‌ನ ಗೋಲ್‌ಕೀಪರ್ ಪ್ಯಾಟ್ ಜೆನ್ನಿಂಗ್ಸ್, 1977ರಲ್ಲಿ ಆಸ್ಟನ್ ವಿಲ್ಲಾದ ಫಾರ್ವರ್ಡ್ ಆಂಡಿ ಗ್ರೇ, 1978ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಗೋಲ್‌ಕೀಪರ್ ಪೀಟರ್ ಶಿಲ್ಟನ್. ಮೊದಲ ಐವರಲ್ಲಿ ನಾಲ್ವರು ಗೋಲು ಹೊಡೆಯುವವರಲ್ಲ, ತಡೆಯುವವರು. ಶಿಲ್ಟನ್ ಗೆದ್ದ ಋತುವಿನಲ್ಲಿ ಚಾಂಪಿಯನ್ ಫಾರೆಸ್ಟ್ 42 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 24 ಗೋಲು.

ಇಲ್ಲಿಂದ ಮುಂದೆ ಪಟ್ಟಿಯ ಬಣ್ಣವೇ ಬದಲಾಗುತ್ತದೆ. 1979ರಿಂದ 2025ರವರೆಗಿನ 47 ಪ್ರಶಸ್ತಿಗಳಲ್ಲಿ ಡಿಫೆಂಡರ್‌ಗಳಿಗೆ ದಕ್ಕಿದ್ದು ನಾಲ್ಕೇ: ಗ್ಯಾರಿ ಪ್ಯಾಲಿಸ್ಟರ್ (1992), ಮೆಕ್‌ಗ್ರಾ (1993), ಜಾನ್ ಟೆರಿ (2005), ವರ್ಜಿಲ್ ವ್ಯಾನ್ ಡೈಕ್ (2019). ಗೋಲ್‌ಕೀಪರ್ ಒಬ್ಬರೂ ಇಲ್ಲ.

ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. 1974ರಿಂದ 2025ರವರೆಗಿನ 52 ವರ್ಷಗಳಲ್ಲಿ ಆಟಗಾರರೂ ಪತ್ರಕರ್ತರೂ ಒಬ್ಬರನ್ನೇ ಆರಿಸಿದ್ದು 25 ಸಲ. ಹೆಚ್ಚುಕಡಿಮೆ ಅರ್ಧಕ್ಕರ್ಧ, ಇಷ್ಟನ್ನೇ ಹೇಳಿ ಬಿಟ್ಟರೆ ಏನೂ ಹೊಳೆಯುವುದಿಲ್ಲ. 1997ಕ್ಕೆ ಗೆರೆ ಎಳೆದು ನೋಡಿದರೆ ಚಿತ್ರ ಬೇರೆ. ಮೊದಲ 24 ವರ್ಷಗಳಲ್ಲಿ ಒಮ್ಮತ ಮೂಡಿದ್ದು 6 ಸಲ ಮಾತ್ರ. ಅದರಲ್ಲಿ ಮೊದಲನೆಯದು 1980ರಲ್ಲಿ, ಲಿವರ್‌ಪೂಲ್‌ನ ಟೆರಿ ಮೆಕ್‌ಡರ್ಮಟ್ ವಿಷಯದಲ್ಲಿ. 1989ರಿಂದ 1997ರವರೆಗೆ ಒಂಬತ್ತು ವರ್ಷ ಸತತವಾಗಿ ಇಬ್ಬರ ಆಯ್ಕೆಯೂ ಬೇರೆ ಬೇರೆ. 1998ರಲ್ಲಿ ಡೆನಿಸ್ ಬರ್ಗ್‌ಕ್ಯಾಂಪ್ ಅವರಿಂದ ಮೊದಲುಗೊಂಡು 2025ರ ಮೊಹಮದ್ ಸಲಾ ಅವರವರೆಗಿನ 28 ವರ್ಷಗಳಲ್ಲಿ ಒಮ್ಮತ 19 ಸಲ.

ಈ ತಿರುವಿಗೆ ನಾನು ಕಾಣುವ ಮುಖ್ಯ ಕಾರಣ ಟೆಲಿವಿಷನ್. 1970ರ ದಶಕದಲ್ಲಿ ಆಟಗಾರನೊಬ್ಬ ಎದುರಾಳಿಯನ್ನು ಅರಿಯುತ್ತಿದ್ದುದು ಹೆಚ್ಚಾಗಿ ಮೈದಾನದಲ್ಲೇ, ವರ್ಷಕ್ಕೆರಡು ಲೀಗ್ ಪಂದ್ಯಗಳಲ್ಲಿ ಭುಜಕ್ಕೆ ಭುಜ ಕೊಟ್ಟು. ಪತ್ರಕರ್ತ ಪ್ರೆಸ್ ಬಾಕ್ಸಿನ ಎತ್ತರದಿಂದ ಬೇರೆಯದನ್ನೇ ನೋಡುತ್ತಿದ್ದ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಗಿ ನೇರಪ್ರಸಾರ ಮನೆಮನೆಯ ಮಾತಾದ ಮೇಲೆ ಇಬ್ಬರೂ ಒಂದೇ ಕ್ಯಾಮೆರಾದ ಕಣ್ಣಿನಿಂದ ನೋಡತೊಡಗಿದರು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ರಾತ್ರಿಯ ಮುಖ್ಯಾಂಶಗಳಲ್ಲಿ ಉಳಿಯುವುದು ಗೋಲು. ಚೆಂಡು ಬಾರದಂತೆ ನೋಡಿಕೊಂಡವನು ಚೌಕಟ್ಟಿನಾಚೆ ಉಳಿಯುತ್ತಾನೆ. ಆದರೆ ಡಿಫೆಂಡರ್‌ಗಳು ಪಟ್ಟಿಯಿಂದ ಮರೆಯಾಗತೊಡಗಿದ್ದು 1979ರಿಂದಲೇ, ಒಮ್ಮತ ಮೂಡಿದ್ದು ಸುಮಾರು ಇಪ್ಪತ್ತು ವರ್ಷಗಳ ಬಳಿಕ. ಆದ್ದರಿಂದ ಟೆಲಿವಿಷನ್ ಒಂದರ ಮೇಲೇ ಹೊರೆ ಹೊರಿಸುವುದು ಸರಿಯಲ್ಲ. ಹಣವೂ ಪ್ರತಿಭೆಯೂ ಕೆಲವೇ ಕ್ಲಬ್ಬುಗಳಲ್ಲಿ ಸೇರಿದ್ದರಿಂದ ಆಯ್ಕೆಯ ವಲಯವೇ ಕಿರಿದಾದದ್ದೂ ಒಂದು ಕಾರಣ.

ಒಮ್ಮತ ಮುರಿದ ವರ್ಷಗಳು ಇನ್ನೂ ಹೆಚ್ಚು ಕಲಿಸುತ್ತವೆ. 2009ರಲ್ಲಿ ಆಟಗಾರರು 35 ವರ್ಷದ ರಯಾನ್ ಗಿಗ್ಸ್ ಅವರನ್ನು ಆರಿಸಿದಾಗ ಆಕ್ಷೇಪಗಳು ಎದ್ದವು. ಪ್ರಶಸ್ತಿ ಪಡೆಯುವ ಹೊತ್ತಿಗೆ ಆ ಋತುವಿನ ಲೀಗಿನಲ್ಲಿ ಅವರು ಮೊದಲ ಹನ್ನೊಂದರಲ್ಲಿ ಇಳಿದದ್ದು 12 ಪಂದ್ಯಗಳಲ್ಲಷ್ಟೇ. ಆಟಗಾರರು ಒಂದು ವರ್ಷಕ್ಕಲ್ಲ, ಒಂದು ಬಾಳ್ವೆಗೆ ಮತ ಹಾಕಿದ್ದರು. ಕಸುಬಿನವರ ಸಂಘದಲ್ಲಿ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. 2020ರಲ್ಲಿ ಆಟಗಾರರು ಕೆವಿನ್ ಡಿ ಬ್ರೂಯ್ನ ಅವರ ಪಾಸುಗಳಿಗೆ ಮತ ಹಾಕಿದರೆ, ಪತ್ರಕರ್ತರು ಲಿವರ್‌ಪೂಲ್ ನಾಯಕ ಜೋರ್ಡನ್ ಹೆಂಡರ್ಸನ್ ಅವರನ್ನು ಆರಿಸಿದರು. ಕೋವಿಡ್ ಕಾಲದಲ್ಲಿ ಆಟಗಾರರನ್ನು ಒಗ್ಗೂಡಿಸಿ ಆರೋಗ್ಯ ಸೇವೆಗೆ ನೆರವು ಸಂಗ್ರಹಿಸಲು ಮುಂದಾದವರು ಹೆಂಡರ್ಸನ್. ನಡೆನುಡಿಯನ್ನೂ ತೂಗಬೇಕೆಂಬ ಹಳೆಯ ಆಶಯ ಎಪ್ಪತ್ತು ವರ್ಷ ದಾಟಿದರೂ ಜೀವಂತವಾಗಿತ್ತು. 2021ರಲ್ಲಿ ಆಟಗಾರರು ಮತ್ತೆ ಡಿ ಬ್ರೂಯ್ನ ಎಂದರೆ ಪತ್ರಕರ್ತರು ರೂಬೆನ್ ಡಿಯಾಸ್ ಎಂದರು. 1989ರ ಸ್ಟೀವ್ ನಿಕೋಲ್ ಬಳಿಕ ಪತ್ರಕರ್ತರ ಪ್ರಶಸ್ತಿ ಪಡೆದ ಮೊದಲ ಡಿಫೆಂಡರ್ ಡಿಯಾಸ್. ತಡೆಯುವವರನ್ನು ಗುರುತಿಸುವ ಕೆಲಸ ಆ ವರ್ಷ ಡ್ರೆಸ್ಸಿಂಗ್ ರೂಮಿನಿಂದ ಪ್ರೆಸ್ ಬಾಕ್ಸಿಗೆ ದಾಟಿತ್ತು.

ಮಹಿಳೆಯರ ವಿಷಯದಲ್ಲಿ ಆಟಗಾರರ ಸಂಘವೇ ಮುಂದು. ಅದು 2013ರಲ್ಲಿ ಆರ್ಸೆನಲ್‌ನ ಕಿಮ್ ಲಿಟಲ್ ಅವರಿಗೆ ಮೊದಲ ಪ್ರಶಸ್ತಿ ಕೊಟ್ಟಿತು. ಪತ್ರಕರ್ತರ ಸಂಘ ಚೆಲ್ಸಿಯ ಫ್ರಾನ್ ಕರ್ಬಿ ಅವರ ಮೂಲಕ ಆ ಬಾಗಿಲು ತೆರೆದದ್ದು 2018ರಲ್ಲಿ.

ಇದೇ ಪ್ರಶ್ನೆಯನ್ನು ನಮ್ಮಲ್ಲಿಗೂ ತರಬಹುದು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗಿನಿಂದ ಅದರ ಶ್ರೇಷ್ಠ ಆಟಗಾರ ಪ್ರಶಸ್ತಿ ಒಬ್ಬ ಡಿಫೆಂಡರ್‌ಗಾಗಲಿ ಗೋಲ್‌ಕೀಪರ್‌ಗಾಗಲಿ ಸಂದಿಲ್ಲ. ಗೋಲ್‌ಕೀಪರ್‌ಗೆ ಗೋಲ್ಡನ್ ಗ್ಲವ್ ಎಂದು ಬೇರೆ ಎಲೆ ಹಾಕಿರುವುದರಿಂದ ಮುಖ್ಯ ಪಂಕ್ತಿಯಲ್ಲಿ ಅವರ ನೆನಪೇ ಆಗುವುದಿಲ್ಲವೇನೋ. 2017–18ರಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಈ ಗೌರವ ಪಡೆದರು. 18 ಗೋಲು ಹೊಡೆದ ಗೋವಾದ ಕೋರೊ ಅವರಿಗೆ ಗೋಲ್ಡನ್ ಬೂಟ್ ಹೋಯಿತು. ಹೇಗಿದ್ದರೂ ಇಬ್ಬರೂ ಮುಂಚೂಣಿಯವರೇ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ವರ್ಷದ ಆಟಗಾರ ಪ್ರಶಸ್ತಿಯ ದಾರಿ ಬೇರೆ. ಅದು ಭಾರತೀಯ ಆಟಗಾರರಿಗೆ ಮೀಸಲು. ಹಾಗಾಗಿ ನೇರ ಹೋಲಿಕೆ ಸಲ್ಲದು. ಆದರೆ ಅಲ್ಲಿ ಮತ ಹಾಕಿದವರು ಕ್ಲಬ್ಬುಗಳ ಕೋಚ್‌ಗಳು, ಅಂದರೆ ಪ್ರೆಸ್ ಬಾಕ್ಸಿನಲ್ಲೂ ಅಲ್ಲದ, ಮೈದಾನದೊಳಗೂ ಅಲ್ಲದ ಮೂರನೆಯ ಜಾಗದಲ್ಲಿ, ಅಂಚಿನ ಗೆರೆಯ ಪಕ್ಕದಲ್ಲಿ ತೊಂಬತ್ತು ನಿಮಿಷ ನಿಂತು ಹಿಂದಿನ ಸಾಲನ್ನು ಕೂಗಿ ಕೂಗಿ ಸರಿಪಡಿಸುವವರು. 2020–21ರಲ್ಲಿ ಅವರು ಆರಿಸಿದ್ದು ಡಿಫೆಂಡರ್ ಸಂದೇಶ್ ಜಿಂಗನ್ ಅವರನ್ನು. ಅದರ ಹಿಂದಿನ ವರ್ಷದ ಆಯ್ಕೆ, ಬೆಂಗಳೂರು ಎಫ್‌ಸಿಯ ಗೋಲು ಕಾಯುತ್ತಿದ್ದ ಗುರ್‌ಪ್ರೀತ್ ಸಿಂಗ್ ಸಂಧು.