ಚೌಲ್‌ನಿಂದ ಬೀದರಿಗೆ: ಕುದುರೆಯೊಡನೆ ಬಂದ ಒಬ್ಬ ಮುಸಾಫಿರ್

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಮೊಹಲ್ಲಾಗಳಲ್ಲಿ ನಾಲಬಂದ, ಚಾಬುಕಸವಾರ, ಸೌದಾಗರ ಎಂಬ ಅಡ್ಡಹೆಸರಿನ ಮನೆಗಳು ಇಂದಿಗೂ ಸಿಗುತ್ತವೆ. ಕುದುರೆಗೆ ಲಾಳ ಹೊಡೆಯುವವನು ನಾಲಬಂದ. ಹೊಸ ಕುದುರೆಯನ್ನು ಸವಾರಿಗೆ ಪಳಗಿಸುವವನು ಚಾಬುಕಸವಾರ. ಈಗ ಅವರ ಮಕ್ಕಳು ಮೊಬೈಲ್ ಅಂಗಡಿ ಇಟ್ಟಿದ್ದಾರೆ, ಲಾರಿ ಓಡಿಸುತ್ತಾರೆ, ಶಾಲೆಯಲ್ಲಿ ಕಲಿಸುತ್ತಾರೆ. ಕುದುರೆ ಹೋಯಿತು, ಹೆಸರು ಉಳಿಯಿತು. ಇಷ್ಟು ಹೆಸರುಗಳನ್ನು ಬಿಟ್ಟುಹೋದ ಆ ಕುದುರೆಗಳು ಎಲ್ಲಿಂದ ಬಂದವು, ಅವುಗಳನ್ನು ಕರೆತಂದವರು ದಾರಿಯಲ್ಲಿ ಏನನ್ನು ಅನುಭವಿಸಿದರು ಎಂದು ನಾವು ಕೇಳಿಕೊಂಡಿದ್ದು ಕಡಿಮೆ.

ನಮ್ಮ ದಖ್ಖನಿನಲ್ಲಿ ಯುದ್ಧಕ್ಕೆ ಒದಗುವ ದೊಡ್ಡ ಕುದುರೆ ಹುಟ್ಟಿ ಬೆಳೆಯುವುದು ಕಷ್ಟವಾಗಿತ್ತು. ಬಹಮನಿ ಸುಲ್ತಾನರಿಗೂ, ವಿಜಯನಗರದ ಅರಸರಿಗೂ, ಮುಂದೆ ವಿಜಾಪುರದ ಆದಿಲ್‌ಶಾಹಿಗಳಿಗೂ ಒಳ್ಳೆಯ ಕುದುರೆ ಬೇಕೆಂದರೆ ಅರಬಸ್ತಾನ, ಇರಾನ್, ಖುರಾಸಾನಗಳೇ ಗತಿ. ಹೋರ್ಮುಜ್ ಬಂದರಿನಲ್ಲಿ ಹಡಗು ಹತ್ತಿದ ಕುದುರೆಗಳು ಕೊಂಕಣದ ಚೌಲ್, ದಾಭೋಳ, ಗೋವೆಗಳಲ್ಲಿ ಇಳಿಯುತ್ತಿದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೊದಲು ಕೈಯಿಟ್ಟದ್ದು ಈ ವ್ಯಾಪಾರದ ಮೇಲೆಯೇ. ಕುದುರೆಯ ಸುಂಕ ಅವರ ಬೊಕ್ಕಸಕ್ಕೆ ದೊಡ್ಡ ಆದಾಯವಾಯಿತು.

ಬಂದರಿನಿಂದ ಮುಂದಿನದು ನಡಿಗೆಯ ದಾರಿ. 1639ರಲ್ಲಿ ಗೋವೆಗೆ ಬಂದಿದ್ದ ಜರ್ಮನಿಯ ಮಾಂಡೆಲ್ಸ್ಲೊನ ಹೆಸರಿನಲ್ಲಿ ಪ್ರಕಟವಾದ ಪ್ರವಾಸ ಗ್ರಂಥದಲ್ಲಿ ಗೋವೆಯಿಂದ ವಿಜಾಪುರಕ್ಕೆ ಹೋಗುವ ಹಾದಿಯ ವಿವರವಿದೆ. ಬಾಂದಾ ದಾಟಿ ಘಟ್ಟ ಹತ್ತಬೇಕು, ಬಯಲು ಸೀಮೆಗೆ ಬರಬೇಕು, ಮುಂದೆ ರಾಯಬಾಗ, ಅಥಣಿ, ತಿಕೋಟಾ, ಆಮೇಲೆ ವಿಜಾಪುರ. ನಾವು ಮದುವೆಗೆಂದು ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮುಗಿಯುವ ಊರುಗಳಿವು. ಆಗ ಅವು ಒಂದೊಂದೂ ಒಂದೊಂದು ಮುಕ್ಕಾಮು.

ಈ ಬಗೆಯ ಪಯಣ ಹೇಗಿರುತ್ತಿತ್ತು ಎಂದು ತನ್ನ ಕೈಯಿಂದಲೇ ಬರೆದಿಟ್ಟ ಒಬ್ಬ ಮನುಷ್ಯನಿದ್ದಾನೆ. ಅವನು ಅರಬನಲ್ಲ, ಇರಾನಿಯಲ್ಲ. ರಷ್ಯಾದ ತ್ವೇರ್ ಎಂಬ ಊರಿನ ಕ್ರೈಸ್ತ ವ್ಯಾಪಾರಿ, ಹೆಸರು ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಬಹಮನಿ ರಾಜ್ಯಕ್ಕೆ ಬಂದ. ಅವನು ನಡೆದದ್ದು ನಮ್ಮೂರುಗಳಿಗೆ ಬಡಗಣದ ಹಾದಿ, ಚೌಲ್ ಬಂದರಿನಿಂದ ಜುನ್ನರ್ ಮೇಲೆ ಬೀದರಿಗೆ. ಆದರೆ ಘಟ್ಟ ಅದೇ, ಮಳೆ ಅದೇ, ರಾಡಿಯೂ ಅದೇ.

ಅವನ ಕಷ್ಟ ಹಿಂದೂಸ್ತಾನಕ್ಕೆ ಬರುವ ಮೊದಲೇ ಶುರುವಾಗಿತ್ತು. ವೋಲ್ಗಾ ನದಿಯ ಕೆಳಭಾಗದಲ್ಲಿ ದರೋಡೆಕೋರರು ಅವನ ಸರಕನ್ನೆಲ್ಲ ದೋಚಿದರು. ಊರಿನಿಂದ ತಂದಿದ್ದ ಧರ್ಮಗ್ರಂಥಗಳೂ ಆ ಲೂಟಿಯಲ್ಲೇ ಹೋದವು. ಬರಿಗೈಯಲ್ಲಿ ಮನೆಗೆ ಮರಳಿದರೆ ಸಾಲಗಾರರು ಬಿಡುವುದಿಲ್ಲ ಎಂಬ ಚಿಂತೆ. ಇರಾನಿನಲ್ಲಿ ಅಲೆದು ಹೋರ್ಮುಜ್ ತಲುಪಿ, ಒಂದು ಗಂಡು ಕುದುರೆಯೊಂದಿಗೆ ಹಡಗು ಹತ್ತಿದ. ಆ ಕುದುರೆಯನ್ನು ಜುನ್ನರ್ ಮುಟ್ಟಿಸುವಷ್ಟರಲ್ಲಿ ತನಗೆ 100 ರೂಬಲ್ ತಗುಲಿತೆಂದು ಬರೆಯುತ್ತಾನೆ. ಒಂದೇ ಒಂದು ಕುದುರೆ. ಅವನ ಬದುಕೆಲ್ಲ ಅದರ ನಾಲ್ಕು ಕಾಲುಗಳ ಮೇಲೆ ನಿಂತಿತ್ತು.

ಸಮುದ್ರದಲ್ಲಿ ಆರು ವಾರ ಕಳೆದವು. ಚೌಲ್‌ನಲ್ಲಿ ಇಳಿದ ಮೇಲೆ ಪಾಲಿಗೆ 8 ದಿನ, ಅಲ್ಲಿಂದ ಉಮ್ರಿಗೆ 10 ದಿನ, ಉಮ್ರಿಯಿಂದ ಜುನ್ನರ್‌ಗೆ 6 ದಿನ. ಜುನ್ನರಿನ ಕೋಟೆಗೆ ಏರುವ ಹಾದಿ ಎಷ್ಟು ಇಕ್ಕಟ್ಟೆಂದರೆ ಒಬ್ಬೊಬ್ಬರೇ ಹತ್ತಬೇಕು, ಇಬ್ಬರು ಜೊತೆಯಾಗಿ ಸಾಗುವಂತಿಲ್ಲ ಎನ್ನುತ್ತಾನೆ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಎರಡು ತಿಂಗಳು ಅಲ್ಲೇ ತಂಗಬೇಕಾಯಿತು. ನಾಲ್ಕು ತಿಂಗಳು ಹಗಲೂ ರಾತ್ರಿ ಎಲ್ಲೆಲ್ಲೂ ನೀರು ಮತ್ತು ಕೆಸರು ಎಂಬುದು ಅವನು ಕೊಡುವ ಚಿತ್ರ. ಹಿಮದ ನಾಡಿನಿಂದ ಬಂದವನು ನಮ್ಮ ಮಳೆಗಾಲವನ್ನೇ ಚಳಿಗಾಲವೆಂದು ಕರೆದಿದ್ದಾನೆ!

ಮಳೆಯಲ್ಲಿ ಮನುಷ್ಯ ಹೇಗೋ ಇದ್ದಾನು, ಕುದುರೆಯ ಗತಿಯೇನು? ಮರಳುನಾಡಿನ ಪ್ರಾಣಿ ಅದು. ಒಣ ಹವೆ, ಗಟ್ಟಿ ನೆಲ, ಬಾರ್ಲಿ ತಿಂದು ಬೆಳೆದದ್ದು. ಇಲ್ಲಿ ಬಾರ್ಲಿ ಎಲ್ಲಿ? ಇಲ್ಲಿಯ ಜನ ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಮತ್ತು ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ನಿಕಿತಿನ್ ಅಚ್ಚರಿಪಟ್ಟು ಬರೆದಿದ್ದಾನೆ. ನಮ್ಮ ಖಿಚಡಿಯ ಹೆಸರು ಐನೂರು ವರ್ಷಗಳ ಹಿಂದಿನ ರಷ್ಯನ್ ಬರಹದಲ್ಲಿ ಕಾಣಿಸುವುದು ಹೀಗೆ, ಕುದುರೆಯ ಮೇವಾಗಿ. ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ದಕ್ಷಿಣ ಭಾರತವನ್ನು ಕಂಡ ಮಾರ್ಕೊ ಪೋಲೊ, ತಂದ ಕುದುರೆಗಳಲ್ಲಿ ಬಹಳಷ್ಟು ಸಾಯುತ್ತವೆ, ಇಲ್ಲಿ ಲಾಳ ಕಟ್ಟುವವರಾಗಲಿ ಕುದುರೆಯ ಆರೈಕೆ ಬಲ್ಲವರಾಗಲಿ ಇಲ್ಲ ಎಂದು ಹೇಳಿದ್ದ. ನಮ್ಮ ನಾಲಬಂದರ ಬೆಲೆ ಏನಿತ್ತೆಂಬುದು ಇದರಿಂದ ತಿಳಿಯುತ್ತದೆ.

ಜುನ್ನರಿನಲ್ಲಿ ನಡೆದ ಒಂದು ಘಟನೆಯನ್ನು ಮುಚ್ಚಿಡುವುದು ಸರಿಯಲ್ಲ. ಅಲ್ಲಿಯ ಅಧಿಕಾರಿ ಅಸದ್ ಖಾನ್ ಈ ಪರದೇಶಿಯ ಕುದುರೆಯನ್ನು ಕಿತ್ತುಕೊಂಡ. ಈತ ಮುಸ್ಲಿಮನಲ್ಲ, ರಷ್ಯಾದವನು ಎಂದು ತಿಳಿದ ಮೇಲೆ ಒಂದು ಷರತ್ತು ಹಾಕಿದ. ನಮ್ಮ ದೀನಿಗೆ ಬಂದರೆ ಕುದುರೆಯನ್ನೂ ಕೊಡುತ್ತೇನೆ, ಮೇಲೆ ಸಾವಿರ ಚಿನ್ನದ ನಾಣ್ಯವನ್ನೂ ಕೊಡುತ್ತೇನೆ. ಬರದಿದ್ದರೆ ಕುದುರೆಯೂ ಇಲ್ಲ, ಸಾವಿರ ನಾಣ್ಯ ದಂಡವನ್ನೂ ತೆರಬೇಕು. ನಾಲ್ಕು ದಿನ ಗಡುವು. ದೀನಿನ ವಿಷಯದಲ್ಲಿ ಬಲವಂತ ಸಲ್ಲದೆಂಬ ಕುರ್‌ಆನಿನ ಅಪ್ಪಣೆ ಖಾನನಿಗೆ ತಿಳಿಯದ್ದೇನಲ್ಲ. ಆದರೆ ಒಳ್ಳೆಯ ಕುದುರೆ ಕಣ್ಣಿಗೆ ಬಿದ್ದಿತ್ತು.

ಗಡುವಿನ ನಡುವೆ ಖುರಾಸಾನದ ಖ್ವಾಜಾ ಮುಹಮ್ಮದ್ ಎಂಬ ಒಬ್ಬರು ಊರಿಗೆ ಬಂದರು. ನಿಕಿತಿನ್ ಅವರ ಮುಂದೆ ಗೋಗರೆದ. ಖ್ವಾಜಾ ಸಾಹೇಬರು ಖಾನನ ಬಳಿ ಹೋಗಿ ಮಾತನಾಡಿ, ಅವನ ಧರ್ಮ ಅವನಿಗಿರಲಿ ಎಂದು ಬಿಡಿಸಿದರು, ಕುದುರೆಯನ್ನೂ ವಾಪಸು ಕೊಡಿಸಿದರು. ಖಾನನೂ ಖ್ವಾಜಾನೂ ಒಂದೇ ದೀನಿನವರು, ಒಂದೇ ಕಿಬ್ಲಾದ ಕಡೆ ಮುಖ ಮಾಡಿ ನಮಾಜಿಗೆ ನಿಲ್ಲುವವರು. ನಿಕಿತಿನ್ ಇಬ್ಬರ ಹೆಸರನ್ನೂ ಬರೆದಿಟ್ಟ. ಇತಿಹಾಸದಲ್ಲಿ ಖ್ವಾಜಾ ಮುಹಮ್ಮದರ ಬಗ್ಗೆ ಉಳಿದಿರುವುದು ಬಹುಶಃ ಆ ನಾಲ್ಕು ಸಾಲು ಮಾತ್ರ. ನನಗೆ ಅಷ್ಟು ಸಾಕೆನಿಸುತ್ತದೆ.

ಮಳೆ ಮತ್ತು ನದಿ ಕುದುರೆಯ ದಾರಿಯನ್ನು ಹೇಗೆ ಕಟ್ಟಿಹಾಕುತ್ತಿದ್ದವು ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಕಂಡವರು ನಾವು. ಹೆದ್ದಾರಿಯೇ ಮುಳುಗಿತ್ತು. ಸೇತುವೆಯೇ ಇಲ್ಲದ ಕಾಲದಲ್ಲಿ ರಾಯಬಾಗದ ದಡದಲ್ಲಿ ನಿಂತವನು ಅಥಣಿಯ ದಡ ಮುಟ್ಟಬೇಕಾದರೆ ಹರಿಗೋಲೇ ದಿಕ್ಕು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಆ ಹರಿಗೋಲಿನಲ್ಲಿ ಜನರೂ ಸಾಮಾನೂ ದಾಟಬಹುದು, ಬೆದರಿದ ಕುದುರೆಯಲ್ಲ. ಅದನ್ನು ಹಗ್ಗ ಹಿಡಿದು ಪಕ್ಕದಲ್ಲಿ ಈಜಿಸಬೇಕು. ನೀರು ಇಳಿದ ಮೇಲೆ ಎರಿ ಭೂಮಿಯ ರಾಡಿ. ಗೊರಸು ಹೂತರೆ ಎಳೆದುಕೊಳ್ಳುವಾಗ ಲಾಳವೇ ಕಿತ್ತು ಬರುತ್ತದೆ.

ಇದೇ ಕಾರಣಕ್ಕೆ ಮಹ್ಮೂದ್ ಗಾವಾನರಂಥ ವಜೀರರೂ ಮಳೆಗೆ ತಲೆಬಾಗಬೇಕಾಯಿತು. ಗಾವಾನರು ಇರಾನಿನ ಗೀಲಾನ್ ಪ್ರಾಂತದವರು, ತಾವೇ ವ್ಯಾಪಾರಿಯಾಗಿ ದಾಭೋಳದಲ್ಲಿ ಇಳಿದು ಬೀದರಿಗೆ ಬಂದವರು. ಕೊಂಕಣದ ದಂಡಯಾತ್ರೆಯ ನಡುವೆ ಮಳೆ ಹಿಡಿದಾಗ ಘಟ್ಟದಿಂದ ಹಿಂದೆ ಸರಿದು, ನಿಪ್ಪಾಣಿಯ ನೆರೆಯ ಕೊಲ್ಹಾಪುರದಲ್ಲಿ ಹುಲ್ಲಿನ ಗುಡಿಸಲು ಹಾಕಿಸಿ ಸೈನ್ಯವನ್ನು ಉಳಿಸಿಕೊಂಡರು. ಗೋವೆ ಅವರ ಕೈಗೆ ಬಂದದ್ದು 1472ರಲ್ಲಿ. ಮುನ್ನೂರು ವರ್ಷದ ಮೇಲೆ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಇದನ್ನೇ ತಿರುಗಿಸಿ ಲೆಕ್ಕ ಹಾಕಿದ. ನದಿ ತುಂಬಿದಾಗ ಮರಾಠರ ಕುದುರೆ ದಂಡು ದಾಟಲಾರದು, ಹರಿಗೋಲು ಸಿದ್ಧವಿಟ್ಟುಕೊಂಡ ತನ್ನ ಕಾಲಾಳುಗಳು ದಾಟಬಲ್ಲರು ಎಂದು.

ನಿಕಿತಿನ್ ಕೊನೆಗೆ ಬೀದರ್ ಸೇರಿ ಕುದುರೆಯನ್ನು ಮಾರಿದ. ವರ್ಷವಿಡೀ ಸಾಕಿದ ಖರ್ಚನ್ನು ಲೆಕ್ಕ ಹಾಕಿ 68 ಫುತೂನ್ ಎಂದು ಬರೆದಿದ್ದಾನೆ. ಅವನ ಮಾತಿನ ಧಾಟಿ ನೋಡಿದರೆ ಲಾಭ ಕಂಡವನಂತೆ ಇಲ್ಲ. ಆಳಂದದ ಶೇಖ್ ಅಲಾಉದ್ದೀನರ ದರ್ಗಾದ ಜಾತ್ರೆಯನ್ನೂ ಕಂಡಿದ್ದ. ಅಲ್ಲಿಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವಂತೆ. ಅಷ್ಟು ಕುದುರೆಗಳ ನಡುವೆ ಒಂದೇ ಕುದುರೆ ತಂದವನ ಪಾಡು ಏನೆಂದು ಊಹಿಸಿಕೊಳ್ಳಿ.

ಆದರೆ ಕುದುರೆಯ ಲೆಕ್ಕಕ್ಕಿಂತ ಅವನನ್ನು ಹೆಚ್ಚು ಕಾಡಿದ್ದು ದಿನಗಳ ಲೆಕ್ಕ. ಗ್ರಂಥಗಳು ಕಳೆದುಹೋಗಿದ್ದವು, ತನ್ನ ಹಬ್ಬ ಯಾವಾಗ, ಉಪವಾಸ ಯಾವಾಗ ಎಂದು ಹೇಳುವವರಿಲ್ಲ. ನಮ್ಮವರ ಈದ್ ನೋಡಿ ತನ್ನ ಈಸ್ಟರ್ ಯಾವಾಗಿದ್ದೀತೆಂದು ಅಂದಾಜು ಮಾಡಿದ. ಮುಸ್ಲಿಮರು ಉಪವಾಸ ಹಿಡಿದಾಗ ತಾನೂ ಹಿಡಿದ. ದಾರಿಯಲ್ಲಿ ಅವನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರನ್ನೂ ಇಟ್ಟುಕೊಂಡಿದ್ದ. ಆದರೂ ಮನಸ್ಸು ಊರಿನ ಕಡೆಗೇ. ದುಬೈ, ದಮ್ಮಾಮ್‌ಗಳಲ್ಲಿ ಒಂಟಿಯಾಗಿ ಈದ್ ಕಳೆದ ನಮ್ಮ ಹುಡುಗರಿಗೆ ಈ ಸಂಕಟ ಅರ್ಥವಾದೀತು. ಅವರಿಗೆ ಫೋನ್ ಇದೆ. ಅವನಿಗೆ ಚಂದ್ರ ಮತ್ತು ನಕ್ಷತ್ರ ಮಾತ್ರ.

ಕಡೆಗೆ ಕಲಬುರಗಿ, ಆಳಂದಗಳನ್ನು ಹಾದು ದಾಭೋಳಕ್ಕೆ ಇಳಿದ. ಅರಬಸ್ತಾನ, ಖುರಾಸಾನಗಳಿಂದ ಕುದುರೆಗಳು ಬಂದಿಳಿಯುವ ಆ ಬಂದರಿನಿಂದ, ಕುದುರೆಯಿಲ್ಲದೆ, ಹೋರ್ಮುಜ್‌ಗೆ ಹೊರಟ. ಇರಾನ್, ಕಪ್ಪು ಸಮುದ್ರ ದಾಟಿದ. ತ್ವೇರ್ ಮುಟ್ಟಲಿಲ್ಲ, ಸ್ಮೋಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಬರಹವನ್ನು ವ್ಯಾಪಾರಿಗಳು ಮಾಸ್ಕೊಗೆ ಒಯ್ದರು. ರಷ್ಯನ್ ಭಾಷೆಯ ಆ ಪುಸ್ತಕದ ಕೊನೆಯ ಸಾಲುಗಳು ರಷ್ಯನ್ ಅಲ್ಲ. ಅವು ರಷ್ಯನ್ ಅಕ್ಷರಗಳಲ್ಲಿ ಬರೆದ ಅರಬಿ, ಅಲ್ಲಾಹನ ಹೆಸರುಗಳ ಸಾಲು.