ಕೊರಳಿನ ಅಭಿಧಮನಿ ಮತ್ತು ಮೈಸೂರಿನ ದಾರಿ: ಚಾಮರಾಜನಗರ, ಗುಂಡ್ಲುಪೇಟೆಗಳ ವೈದ್ಯಚರಿತ್ರೆಯ ಒಂದು ವಿಚಾರ

ಅರಿಕುಠಾರವೆಂಬ ಊರು ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯವರ ಹೆಸರನ್ನು ತಳೆದು ಚಾಮರಾಜನಗರವಾದುದನ್ನೂ, ಚಿಕ್ಕದೇವರಾಜ ಒಡೆಯರು ತಂದೆಯ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದುದನ್ನೂ ವಾಚಕರು ಬಲ್ಲರು. ಈ ಊರುಗಳ ಜನರು ಪ್ರಾಣಾಪಾಯದ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತಿದ್ದರೆಂಬ ಪ್ರಶ್ನೆಯೂ ಚರಿತ್ರೆಗೆ ಸೇರಿದುದೇ. ಅವರು ಹೋಗುತ್ತಿದ್ದುದು ಸುಮಾರು ೬೦ ಕಿಲೋಮೀಟರು ದೂರದ ಮೈಸೂರಿಗೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ ಅದಕ್ಕೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಈ ಸೀಮೆಗೆ ಕಡೆಯ ಆಸರೆಯಾಗಿದ್ದವು. ಚಾಮರಾಜನಗರವು ೧೯೯೭ರಲ್ಲಿ ಜಿಲ್ಲೆಯಾಯಿತು. ಅಲ್ಲಿ ವೈದ್ಯವಿಜ್ಞಾನ ಸಂಸ್ಥೆ ಆರಂಭವಾಗಲು ೨೦೧೬ರವರೆಗೆ ಕಾಯಬೇಕಾಯಿತು.

ಆ ದೂರದ ಅರ್ಥವನ್ನು ತಿಳಿಯಲು ತೀವ್ರನಿಗಾ ಘಟಕದ ಒಂದು ಕ್ರಿಯೆಯನ್ನು ನೋಡೋಣ. ರಕ್ತದೊತ್ತಡ ಕುಸಿದ ರೋಗಿಗೆ ಕೊಡುವ ಕೆಲವು ತೀಕ್ಷ್ಣ ಔಷಧಗಳು ಕೈಯ ಸಣ್ಣ ರಕ್ತನಾಳದಿಂದ ಸೋರಿದರೆ ಸುತ್ತಲಿನ ಮಾಂಸವನ್ನೇ ಕೆಡಿಸುತ್ತವೆ. ಆದುದರಿಂದ ಕೊರಳಿನ ದೊಡ್ಡ ಅಭಿಧಮನಿಯ ಮೂಲಕ ಹೃದಯದ ಸಮೀಪದವರೆಗೆ ನಳಿಕೆಯನ್ನು ಇಳಿಸುತ್ತಾರೆ. ೧೯೨೯ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನಿಂದಲೇ ಹೃದಯಕ್ಕೆ ನಳಿಕೆಯನ್ನು ತೂರಿಸಿಕೊಂಡನು. ೧೯೫೬ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದನು. ಸೂಜಿಯೊಳಗಿಂದ ತಂತಿಯನ್ನು ಇಳಿಸಿ, ಸೂಜಿಯನ್ನು ತೆಗೆದು, ತಂತಿಯ ಮೇಲೆ ನಳಿಕೆಯನ್ನು ಜಾರಿಸುವ ಸೆಲ್ಡಿಂಗರನ ವಿಧಾನವು ೧೯೫೩ರದು. ಇಷ್ಟಾದರೂ ಸೂಜಿಯು ಕುರುಡಾಗಿಯೇ ಉಳಿಯಿತು. ವೈದ್ಯನು ಕೊರಳಿನ ಸ್ನಾಯುಗಳ ಗುರುತು ಹಿಡಿದು, ಪಕ್ಕದ ಅಪಧಮನಿಯ ಮಿಡಿತವನ್ನು ಬೆರಳಿನಿಂದ ಅರಿತು ಚುಚ್ಚುತ್ತಿದ್ದನು. ತಪ್ಪಿದರೆ ಅಪಧಮನಿಗೆ ಗಾಯ, ಇಲ್ಲವೆ ಶ್ವಾಸಕೋಶಕ್ಕೆ ರಂಧ್ರ.

೧೯೮೬ರಲ್ಲಿ ಜಪಾನಿನ ವೈದ್ಯರು ಶ್ರವಣಾತೀತ ಧ್ವನಿಯ ಚಿತ್ರವನ್ನು ನೋಡುತ್ತಲೇ ಈ ಕಾರ್ಯವನ್ನು ಮಾಡಿದುದನ್ನು ವರದಿ ಮಾಡಿದರು. ತತ್ತ್ವ ಸುಲಭವಾದುದು. ಯಂತ್ರದ ಶೋಧಕವನ್ನು ಕೊರಳಿಗೆ ಮೆಲ್ಲಗೆ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ಹೊಲದಲ್ಲಿ ಕೊಳಕುಮಂಡಲ ಕಚ್ಚಿ ರಕ್ತ ಹೆಪ್ಪುಗಟ್ಟದ ಸ್ಥಿತಿಗೆ ಬಂದವನಿಗೆ ಕೊರಳಿನಲ್ಲಿ ಒಂದು ತಪ್ಪು ಚುಚ್ಚು ಮಾರಕವಾಗಬಹುದು. ನಳಿಕೆ ಅನಿವಾರ್ಯವಾದಾಗ ಅಂಥವನಿಗೆ ಈ ಯಂತ್ರದ ಬೆಲೆ ಏನೆಂಬುದನ್ನು ಬೇಸಾಯದ ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಾದರೋ ಈ ಯಂತ್ರದ ಚರಿತ್ರೆಯು ಇನ್ನೊಂದು ದುಃಖದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಕೊರಳನ್ನು ನೋಡುವ ಯಂತ್ರವು ಗರ್ಭವನ್ನೂ ನೋಡಬಲ್ಲುದು. ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸಿದ ೧೯೯೪ರ ಕಾಯಿದೆಯು ೨೦೦೩ರ ತಿದ್ದುಪಡಿಯಿಂದ ಬಿಗಿಯಾಯಿತು. ಹೊತ್ತೊಯ್ಯಬಹುದಾದ ಯಂತ್ರವು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೆ ಸಂಚಾರಿ ವೈದ್ಯಘಟಕದಲ್ಲಿ ಮಾತ್ರ ಬಳಕೆಯಾಗಬೇಕೆಂದು ೨೦೧೨ರ ನಿಯಮಗಳು ವಿಧಿಸಿದವು. ತೀವ್ರನಿಗಾ ವೈದ್ಯರಿಗೆ ಈ ಕಟ್ಟುಪಾಡು ತೊಡಕೆನಿಸುವುದು ಸಹಜ. ಆದರೆ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗಪತ್ತೆ ನಡೆಯುತ್ತಿದ್ದುದು ೨೦೨೩ರಲ್ಲಿ ಬಯಲಿಗೆ ಬಂದುದನ್ನು ನೆನೆದರೆ, ಕಾಯಿದೆಯನ್ನು ಸಡಿಲಿಸಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ಬೆಲ್ಲ ಕಾಯಿಸುವ ಮನೆಗೆ ತಲುಪಿದ ಯಂತ್ರವು ತಾಲ್ಲೂಕು ಆಸ್ಪತ್ರೆಗೆ ತಲುಪಲು ತಡವಾದರೆ ಅದಕ್ಕೆ ಕಾಯಿದೆಯೊಂದೇ ಹೊಣೆಯಲ್ಲ. ಯಂತ್ರವನ್ನು ಕೊಳ್ಳುವ ಹಣ, ಅದನ್ನು ಹಿಡಿಯಬಲ್ಲ ಕೈ, ರಾತ್ರಿಯ ಪಾಳಿಯಲ್ಲಿ ಆ ಕೈಯ ಹಾಜರಿ, ಇವೂ ಲೆಕ್ಕಕ್ಕೆ ಬರಬೇಕು.

ಇವುಗಳಿಗಿಂತಲೂ ಮೊದಲು ಬರಬೇಕಾದುದು ಉಸಿರು. ೨೦೨೧ರ ಮೇ ೨ರ ರಾತ್ರಿಯಿಂದ ೩ರ ನಸುಕಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ೨೪ ರೋಗಿಗಳು ಮೃತರಾದರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೆಂದು ಸರ್ಕಾರ ಮೊದಲು ಹೇಳಿತು. ರಾಜ್ಯದ ಹೈಕೋರ್ಟು ನೇಮಿಸಿದ ಸಮಿತಿಯು ಕೊರತೆಯ ಪರಿಣಾಮ ಅದಕ್ಕಿಂತ ಎಷ್ಟೋ ವಿಸ್ತಾರವಾದುದೆಂದು ಕಂಡಿತು. ಅಷ್ಟು ಹೊತ್ತಿಗೆ ಊರಿನಲ್ಲಿ ವೈದ್ಯವಿಜ್ಞಾನ ಸಂಸ್ಥೆ ಇತ್ತು, ತೀವ್ರನಿಗಾ ಘಟಕವೂ ಇತ್ತು. ಸಿಲಿಂಡರುಗಳು ಮಾತ್ರ ಮೈಸೂರಿನಿಂದ ಬರಬೇಕಾಗಿತ್ತು.