ಶಾಲೆಯ ಪುಟಕ್ಕೆ ಸಾಕ್ಷಿ ಯಾರು? ವಿಕಿಪೀಡಿಯದ ಆಧಾರ ನಿಯಮ ಮತ್ತು ರಾಮನಗರ ಸೀಮೆಯ ಶಾಲೆಗಳು

ನೂರು ವರ್ಷ ದಾಟಿದ ಸರ್ಕಾರಿ ಶಾಲೆಯ ಚರಿತ್ರೆ ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ: ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿರುವ ದಾಖಲಾತಿ ವಹಿ, ಶತಮಾನೋತ್ಸವದ ಸ್ಮರಣ ಸಂಚಿಕೆ ಮತ್ತು ಊರಿನ ಹಿರಿಯರ ನೆನಪು. ಈ ಮೂರನ್ನೇ ನೆಚ್ಚಿ ಹಳೆಯ ವಿದ್ಯಾರ್ಥಿಯೊಬ್ಬರು ವಿಕಿಪೀಡಿಯದಲ್ಲಿ ಪುಟ ತೆರೆದರೆ, ಅದಕ್ಕೆ ‘ಆಧಾರ ಬೇಕು’ ಎಂಬ ಸೂಚನೆ ಅಂಟಿಕೊಳ್ಳುವ, ಇಲ್ಲವೆ ಪುಟವೇ ಅಳಿಸುವಿಕೆಯ ಪಟ್ಟಿಗೆ ಸೇರುವ ಸಂಭವ ಹೆಚ್ಚು. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಮೊನ್ನೆ ಮೊನ್ನೆ ತಲೆಯೆತ್ತಿದ ಖಾಸಗಿ ವಸತಿಶಾಲೆಗಾದರೋ ಅಂತರಜಾಲದ ಕೊಂಡಿಗಳಿಗೆ ಕೊರತೆಯಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲೆಗಳನ್ನು ಕುರಿತು ಬರೆಯಹೊರಟವರು ಮೊದಲು ಎದುರಿಸುವ ತೊಡಕು ಇದೇ.

ವಿಕಿಪೀಡಿಯ 2001ರ ಜನವರಿಯಲ್ಲಿ ಆರಂಭವಾಯಿತು. ಅದರ ಕನ್ನಡ ಆವೃತ್ತಿ 2003ರಲ್ಲಿ ತೆರೆದುಕೊಂಡಿತು. ಪುಟವನ್ನು ಯಾರು ಬೇಕಾದರೂ ತಿದ್ದಬಹುದು, ಆದರೆ ಮೂರು ಕಟ್ಟಳೆಗಳಿಗೆ ಒಳಪಟ್ಟು. ಬರೆದದ್ದನ್ನು ಪ್ರಕಟಿತ ಆಧಾರದಿಂದ ಪರಿಶೀಲಿಸುವಂತಿರಬೇಕು, ಸ್ವಂತ ಸಂಶೋಧನೆ ಸಲ್ಲದು, ದೃಷ್ಟಿಕೋನ ತಟಸ್ಥವಾಗಿರಬೇಕು. ಇವುಗಳ ಜೊತೆಗೆ ‘ಗಮನಾರ್ಹತೆ’ ಎಂಬ ಇನ್ನೊಂದು ಅಳತೆಗೋಲಿದೆ. ಪ್ರೌಢಶಾಲೆ ಅಸ್ತಿತ್ವದಲ್ಲಿದ್ದರೆ ಸಾಕು, ಪುಟ ಉಳಿಯುತ್ತದೆ ಎಂಬ ರೂಢಿ ಇಂಗ್ಲಿಷ್ ಆವೃತ್ತಿಯಲ್ಲಿ ಬಹುಕಾಲ ನಡೆದುಬಂದಿತ್ತು. 2017ರಲ್ಲಿ ನಡೆದ ವ್ಯಾಪಕ ಚರ್ಚೆಯ ಬಳಿಕ ಆ ರೂಢಿ ಬಲ ಕಳೆದುಕೊಂಡಿತು. ಅಲ್ಲಿಂದೀಚೆಗೆ ಶಾಲೆಯೊಂದಿಗೆ ಸಂಬಂಧವಿಲ್ಲದವರು ಅದರ ಕುರಿತು ವಿಸ್ತಾರವಾಗಿ ಬರೆದಿರುವುದನ್ನು ತೋರಿಸಬೇಕಾಗಿದೆ. ಪ್ರಾಥಮಿಕ ಶಾಲೆಗಳ ವಿವರವನ್ನು ಬಹುಮಟ್ಟಿಗೆ ಆಯಾ ಊರಿನ ಪುಟದೊಳಗೇ ಸೇರಿಸಲಾಗುತ್ತದೆ.

ಕಾಗದದ ಆಧಾರವೂ ಆಧಾರವೇ

ಅಂತರಜಾಲದಲ್ಲಿ ಸಿಗದಿದ್ದರೆ ಆಧಾರವೇ ಅಲ್ಲ ಎಂಬ ಭಾವನೆ ವ್ಯಾಪಕವಾಗಿದೆ; ಅದು ತಪ್ಪು. ಮುದ್ರಿತ ಪುಸ್ತಕ, ಹಳೆಯ ಪತ್ರಿಕೆ, ಗ್ಯಾಸೆಟಿಯರ್‌ಗಳನ್ನು ಪುಟಸಂಖ್ಯೆ ಮತ್ತು ದಿನಾಂಕಗಳೊಡನೆ ಉಲ್ಲೇಖಿಸಲು ನಿಯಮ ಅವಕಾಶ ಕೊಡುತ್ತದೆ. ಕನ್ನಡದ ಆಧಾರವನ್ನು ಇಂಗ್ಲಿಷ್ ಪುಟವೂ ಒಪ್ಪಬೇಕು. ಭಾಷೆಯೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. 1948ರಿಂದ ಪ್ರಕಟವಾಗುತ್ತಿರುವ ‘ಪ್ರಜಾವಾಣಿ’ಯ ಹಳೆಯ ಸಂಪುಟದಲ್ಲಿ ಮಾಗಡಿಯ ಶಾಲೆಯೊಂದರ ಕಟ್ಟಡ ಉದ್ಘಾಟನೆಯ ವರದಿ ಸಿಕ್ಕರೆ, ಶಾಲೆಯದೇ ಜಾಲತಾಣದ ಹತ್ತು ಪುಟಗಳಿಗಿಂತ ಅದಕ್ಕೆ ತೂಕ ಹೆಚ್ಚು.

ಆದರೆ ಹುಡುಕುವವರಿಗೆ ಹಳೆಯ ಹೆಸರುಗಳು ತಿಳಿದಿರಬೇಕು. ಬಿ.ಎಲ್. ರೈಸ್ ಅವರ 1897ರ ಪರಿಷ್ಕೃತ ಮೈಸೂರು ಗ್ಯಾಸೆಟಿಯರಿನಲ್ಲಿ ‘ರಾಮನಗರ’ವನ್ನು ಅರಸುವವರು ‘ಕ್ಲೋಸ್‌ಪೇಟೆ’ಯನ್ನು ನೋಡಬೇಕು, ಅದು ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ಬಂದದ್ದು. ಕನಕಪುರ ಅಲ್ಲಿ ‘ಕಾನಕಾನಹಳ್ಳಿ’. ಸಿ. ಹಯವದನ ರಾವ್ ಅವರು 1927ರಿಂದ 1930ರವರೆಗೆ ಹೊರತಂದ ಗ್ಯಾಸೆಟಿಯರ್ ಸಂಪುಟಗಳನ್ನು ತೆರೆಯುವವರಿಗೂ ಇದೇ ಎಚ್ಚರ ಬೇಕು.

ಜಿಲ್ಲೆಯ ಹೆಸರಿನದು ಇನ್ನೂ ಸಿಕ್ಕಾದ ವಿಷಯ. ಈ ನಾಲ್ಕೂ ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದವು. ಅನಂತರ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಾದರೋ ‘ಬೆಂಗಳೂರು ದಕ್ಷಿಣ’ ಎಂಬುದು ಮೊದಲಿನಿಂದಲೂ ರಾಜಧಾನಿಯ ದಕ್ಷಿಣ ಭಾಗದ ಶೈಕ್ಷಣಿಕ ಜಿಲ್ಲೆಯ ಹೆಸರು. ಹಳೆಯ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಆ ಹೆಸರನ್ನು ಕಂಡು ಚನ್ನಪಟ್ಟಣದ ಶಾಲೆಯ ಪುಟಕ್ಕೆ ಅಂಕಿ ಎತ್ತಿಕೊಂಡರೆ, ಜಯನಗರದ ಅಂಕಿ ಚನ್ನಪಟ್ಟಣಕ್ಕೆ ಬಂದಂತಾಗುತ್ತದೆ! ಹೊಸ ಹೆಸರಿನ ಪರವೂ ವಿರೋಧವೂ ರಾಜಕೀಯವಾಗಿ ಗಟ್ಟಿ ದನಿಗಳಿವೆ. ಶಾಲೆಯ ಪುಟದಲ್ಲಿ ಆ ಜಗಳಕ್ಕೆ ಜಾಗವಿಲ್ಲ; ಯಾವ ವರ್ಷದಲ್ಲಿ ಯಾವ ಹೆಸರು ಎಂಬುದನ್ನು ತಿಳಿಸುವುದಷ್ಟೇ ತಟಸ್ಥ ಮಾರ್ಗ.

ಸ್ಮರಣ ಸಂಚಿಕೆ ಶಾಲೆಯವರೇ ಪ್ರಕಟಿಸಿದ್ದು. ಸ್ಥಾಪನೆಯ ವರ್ಷ, ಕೊಠಡಿಗಳ ಸಂಖ್ಯೆ ಮುಂತಾದ ನಿರ್ವಿವಾದ ಸಂಗತಿಗಳಿಗೆ ಅದು ಸಾಲುತ್ತದೆ, ‘ತಾಲ್ಲೂಕಿನಲ್ಲೇ ಶ್ರೇಷ್ಠ’ ಎಂಬ ಮಾತಿಗೆ ಸಾಲದು. ಪ್ರತಿ ಶಾಲೆಗೂ ಇರುವ 11 ಅಂಕಿಗಳ ಯು-ಡೈಸ್ ಸಂಖ್ಯೆ ಶಾಲೆ ಇದೆಯೆಂಬುದನ್ನು ಸಾರುತ್ತದೆ, ಗಮನಾರ್ಹತೆಯನ್ನಲ್ಲ. ದಾಖಲಾತಿ ವಹಿಯಂತೂ ಅಪ್ರಕಟಿತ. ಅದರಲ್ಲಿರುವುದನ್ನು ಇತಿಹಾಸಕಾರರೊಬ್ಬರು ಲೇಖನವಾಗಿ ಪ್ರಕಟಿಸಿದ ಮೇಲೆಯೇ ವಿಶ್ವಕೋಶಕ್ಕೆ ಪ್ರವೇಶ. ಇನ್ನು ಪತ್ರಿಕೆಗಳ ಶಿಕ್ಷಣ ಪುರವಣಿ. ಸುದ್ದಿಯ ವೇಷದಲ್ಲಿ ಹಣ ಪಡೆದ ಪ್ರಚಾರ ಬರಹಗಳು ಭಾರತೀಯ ಪತ್ರಿಕೆಗಳಲ್ಲಿ ಬರುತ್ತವೆಂದು ಇಂಗ್ಲಿಷ್ ವಿಕಿಪೀಡಿಯದ ಆಧಾರ ಮಾರ್ಗಸೂಚಿಯೇ ಪ್ರತ್ಯೇಕವಾಗಿ ಎಚ್ಚರಿಸುತ್ತದೆ. ಪ್ರವೇಶದ ಋತುವಿನಲ್ಲಿ ಪ್ರಕಟವಾದ ಹೊಗಳಿಕೆಯ ಬರಹಕ್ಕೆ ವರದಿಗಾರರ ಹೆಸರಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಹಣವಿರುವ ಶಾಲೆಯ ಕೊಂಡಿಗಳೆಲ್ಲವೂ ಆಧಾರಗಳಲ್ಲ ಎಂಬುದು ಆಗ ಹೊಳೆಯುತ್ತದೆ.

ಹೊಗಳಿಕೆಯ ಬೆಲೆ: ಐಐಪಿಎಂ ಪ್ರಕರಣ

ಶಿಕ್ಷಣ ಸಂಸ್ಥೆಯ ಪುಟವನ್ನು ವರ್ಷಗಟ್ಟಲೆ ಒಂದೇ ಕಡೆಗೆ ವಾಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ್ದೇ ಉದಾಹರಣೆಯಿದೆ. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಶಾಖೆ ಹೊಂದಿದ್ದ, ಮ್ಯಾನೇಜ್‌ಮೆಂಟ್ ಶಿಕ್ಷಣದ ಭಾರೀ ಜಾಹೀರಾತುಗಳಿಂದ ಹೆಸರಾಗಿದ್ದ ಐಐಪಿಎಂ ಸಂಸ್ಥೆಯ ಇಂಗ್ಲಿಷ್ ಪುಟವನ್ನು ‘ವೈಫೈಒನ್’ ಎಂಬ ಖಾತೆ ಹಲವು ವರ್ಷ ತಿದ್ದುತ್ತಿತ್ತು. 2010ರಲ್ಲಿ ಆ ಖಾತೆಗೆ ನಿರ್ವಾಹಕ ಅಧಿಕಾರವೂ ದೊರೆಯಿತು. ಸಂಸ್ಥೆಗೆ ಮಾನ್ಯತೆಯಿಲ್ಲವೆಂಬ ಟೀಕೆಗಳು ಪುಟದಲ್ಲಿ ತೆಳುವಾದವು. 2013ರ ಫೆಬ್ರವರಿಯಲ್ಲಿ ಗ್ವಾಲಿಯರ್ ನ್ಯಾಯಾಲಯದ ಆದೇಶದ ಮೇರೆಗೆ ಸಂಸ್ಥೆಯನ್ನು ಟೀಕಿಸಿದ್ದ 70ಕ್ಕೂ ಹೆಚ್ಚು ಅಂತರಜಾಲ ಪುಟಗಳನ್ನು ನಿರ್ಬಂಧಿಸಲಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ ಪ್ರಕಟಣೆಯೂ ಅವುಗಳಲ್ಲಿ ಸೇರಿತ್ತು ಎಂಬುದು ಸೋಜಿಗ. ಅಂದರೆ ಆಧಾರವಾಗಬೇಕಾಗಿದ್ದ ಪುಟಗಳೇ ಕಣ್ಮರೆಯಾಗಿದ್ದವು. 2014ರಲ್ಲಿ ದೆಹಲಿ ಹೈಕೋರ್ಟ್, ಸಂಸ್ಥೆ ಎಂಬಿಎ, ಬಿಬಿಎ ಎಂಬ ಪದಗಳನ್ನು ಬಳಸದಂತೆ ತಡೆಯಿತು. 2015ರ ಫೆಬ್ರವರಿಯಲ್ಲಿ ವಿಕಿಪೀಡಿಯದ ಪಂಚಾಯ್ತಿ ಸಮಿತಿ ಆ ಖಾತೆಯ ಅಧಿಕಾರ ಕಿತ್ತು, ನಿಷೇಧ ಹೇರಿತು. ಅಷ್ಟರಲ್ಲಿ ಆ ಪುಟವನ್ನು ಓದಿ ಶುಲ್ಕ ಕಟ್ಟಿದ ಕುಟುಂಬಗಳು ಎಷ್ಟಿದ್ದವೋ!

ಶಾಲೆಯ ಪುಟಕ್ಕೂ ಇದೇ ನೀತಿ ಅನ್ವಯಿಸುತ್ತದೆ. ಆಡಳಿತ ಮಂಡಳಿಯವರು, ಶಿಕ್ಷಕರು, ಪ್ರಚಾರಕ್ಕೆ ನೇಮಕಗೊಂಡವರು ಹಿತಾಸಕ್ತಿ ಉಳ್ಳವರೆಂದೇ ಪರಿಗಣಿತರು. ಸಂಬಳ ಪಡೆದು ತಿದ್ದುವವರು ಅದನ್ನು ಬಹಿರಂಗಪಡಿಸಬೇಕೆಂದು 2014ರಿಂದ ಬಳಕೆಯ ಷರತ್ತೇ ಇದೆ. ಅವರು ನೇರವಾಗಿ ತಿದ್ದದೆ ಚರ್ಚೆ ಪುಟದಲ್ಲಿ ಕೋರಿಕೆ ಇಡುವುದು ಕ್ರಮ. ಸಿಟ್ಟಿನ ಪೋಷಕರಿಗೂ ರಿಯಾಯಿತಿಯಿಲ್ಲ. ಶುಲ್ಕದ ತಕರಾರನ್ನೋ ಶಿಕ್ಷಕರೊಬ್ಬರ ಮೇಲಿನ ಆರೋಪವನ್ನೋ ವಿಶ್ವಾಸಾರ್ಹ ವರದಿಯಿಲ್ಲದೆ ಬರೆದರೆ, ಬದುಕಿರುವ ವ್ಯಕ್ತಿಗಳ ಕುರಿತ ನಿಯಮದಡಿ ಯಾರು ಬೇಕಾದರೂ ತಕ್ಷಣ ತೆಗೆದುಹಾಕಬಹುದು. ವರದಿಯಿದ್ದರೆ ಮಾತ್ರ ಆಡಳಿತ ಮಂಡಳಿಗೆ ಇಷ್ಟವಿಲ್ಲವೆಂದು ಅಳಿಸುವಂತಿಲ್ಲ. ಪುಟದ ಒಟ್ಟು ಗಾತ್ರಕ್ಕೆ ತಕ್ಕಷ್ಟೇ ಅದಕ್ಕೆ ಜಾಗ. ಒಬ್ಬರ ತಿದ್ದುಪಡಿಯನ್ನು 24 ಗಂಟೆಗಳಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ರದ್ದುಪಡಿಸಿದವರ ಖಾತೆಯನ್ನು ಇಂಗ್ಲಿಷ್ ಆವೃತ್ತಿಯಲ್ಲಿ ತಡೆಹಿಡಿಯಬಹುದು, ಅವರ ವಾದ ಸರಿಯಾಗಿದ್ದರೂ ಸಹ.

ಅತಿ ಹೆಚ್ಚು ಜಗಳ ಹುಟ್ಟುವುದು ‘ಹೆಸರಾಂತ ಹಳೆಯ ವಿದ್ಯಾರ್ಥಿಗಳು’ ಎಂಬ ಶೀರ್ಷಿಕೆಯಡಿ. ಶಿವಕುಮಾರ ಸ್ವಾಮೀಜಿಯವರು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದರು. ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿ. ಇಂಥವರು ತಮ್ಮಲ್ಲಿ ಓದಿದರೆಂದು ಸುತ್ತಲಿನ ಯಾವ ಶಾಲೆ ತಾನೆ ಹೇಳಿಕೊಳ್ಳಲು ಬಯಸದು? ಊರು ಹತ್ತಿರವಿದ್ದ ಮಾತ್ರಕ್ಕೆ ಶಾಲೆ ಅದೇ ಆಗಬೇಕಿಲ್ಲ. ಜೀವನಚರಿತ್ರೆಯೊಂದರ ಪುಟಸಂಖ್ಯೆ ಕೊಡಲಾಗದಿದ್ದರೆ ಹೆಸರು ಪಟ್ಟಿಯಿಂದ ಹೊರಗೆ.

ಆಧಾರ ಎಷ್ಟು ಹುಡುಕಿದರೂ ಸಾಲದ ಶಾಲೆಯ ವಿವರವನ್ನು ಊರಿನ ಪುಟದ ‘ಶಿಕ್ಷಣ’ ವಿಭಾಗದಲ್ಲಿ ನಾಲ್ಕು ಸಾಲುಗಳಾಗಿ ಉಳಿಸಿಕೊಳ್ಳಬಹುದು. ಮುಂದೆ ಗ್ಯಾಸೆಟಿಯರಿನ ಉಲ್ಲೇಖವೋ ಪತ್ರಿಕೆಯ ಹಳೆಯ ವರದಿಯೋ ದೊರೆತಾಗ ಅದನ್ನೇ ಪ್ರತ್ಯೇಕ ಪುಟವಾಗಿ ಬೆಳೆಸಲು ಅಡ್ಡಿಯಿಲ್ಲ. ಕನ್ನಡ ಆವೃತ್ತಿಯಲ್ಲಿ ಇಂಥ ಪ್ರಶ್ನೆಗಳನ್ನು ಮೊದಲು ಆಯಾ ಪುಟದ ಚರ್ಚೆಯಲ್ಲಿ, ಅಲ್ಲಿ ಬಗೆಹರಿಯದಿದ್ದರೆ ‘ಅರಳಿ ಕಟ್ಟೆ’ ಎಂಬ ಸಮುದಾಯದ ಪುಟದಲ್ಲಿ ಎತ್ತಬಹುದು.